ಹಾಕಿ ಶಿಬಿರದ ವಿಮರ್ಶೆ: ಚೆಂಡು ಸ್ಟಿಕ್ಕಿಗೆ ಬರುವ ಮೊದಲೇ ನೋಡಿ ಮುಗಿಸಿರಬೇಕು

ದಕ್ಷಿಣ ಕೊಡಗಿನಲ್ಲಿ ಈ ಬೇಸಿಗೆ ರಜೆಯಲ್ಲಿ ನಡೆದ ಹತ್ತು ದಿನಗಳ ಹಾಕಿ ಶಿಬಿರದ ವಿಮರ್ಶೆ ಇದು. ಡ್ರಿಬ್ಲಿಂಗ್, ಡ್ರ್ಯಾಗ್ ಫ್ಲಿಕ್, ಓಟ ಎಲ್ಲ ಶಿಬಿರಗಳಲ್ಲೂ ಇರುತ್ತವೆ, ಇಲ್ಲೂ ಇದ್ದವು. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಕೊಟ್ಟ ದುಡ್ಡು ಸಾರ್ಥಕ ಅನಿಸುವುದು ಬ್ಯಾಕ್ (ಹಿಂದೆ ನಿಂತು ಗೋಲು ಕಾಯುವ ಸಾಲಿನವರು) ಮತ್ತು ಸೆಂಟರ್ ಹಾಫ್ (ಅವರ ಮುಂದೆ ಮಧ್ಯದಲ್ಲಿ ಆಡುವವನು) ಆಡುವ ಮಕ್ಕಳಿಗೆ ಬೇರೆಯಾಗಿ ನಡೆಸಿದ ನಾಲ್ಕು ದಿನದ ಪಾಠಕ್ಕೆ. ಹಿಂದಿನಿಂದ ಚೆಂಡು ಹೊರಡಿಸುವವನು ಎದುರಾಳಿಯ ಪ್ರೆಸ್ಸನ್ನು, ಅಂದರೆ ಚೆಂಡು ಕಸಿಯಲು ಅವರು ಮುಂದೆ ಬಂದು ಒತ್ತುವುದನ್ನು, ಹೇಗೆ ಓದಬೇಕು, ಯಾರಿಗೆ ಪಾಸ್ ಕೊಡಬೇಕು ಅನ್ನುವುದಷ್ಟೇ ಅಲ್ಲಿಯ ವಿಷಯ. ನಮ್ಮಲ್ಲಿ ಸ್ಟಿಕ್ ಕೈಗೆ ಒಗ್ಗಿದ ಹುಡುಗರು ಊರಿಗೆ ಹತ್ತು ಜನ ಸಿಗುತ್ತಾರೆ. ತಲೆ ಎತ್ತಿ ಆಡುವ ಬ್ಯಾಕ್ ಸಿಗುವುದೇ ಕಷ್ಟ.

ಮೊದಲ ದಿನ ಅರ್ಧ ಗಂಟೆ ಲ್ಯಾಪ್‌ಟಾಪಿನಲ್ಲಿ ತೋರಿಸಿದ್ದು ಹಾಕಿಯನ್ನಲ್ಲ, ಅಮೆರಿಕನ್ ಫುಟ್‌ಬಾಲನ್ನು. ಕೆಲವು ಪೋಷಕರಿಗೆ ಇದು ಹಿಡಿಸಲಿಲ್ಲ, ಆದರೆ ಇಡೀ ಪಾಠದ ಬೇರು ಅಲ್ಲೇ ಇದೆ. ಆ ಆಟದಲ್ಲಿ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಚೆಂಡು ಕೈಗೆ ಬರುವ ಮೊದಲೇ ಎದುರಾಳಿಯ ತೀರಾ ಹಿಂದೆ ನಿಂತ ಸೇಫ್ಟಿಗಳನ್ನು ಎಣಿಸುತ್ತಾನೆ. ಹಿಂದಿನ ಜಾಗ ಕಾಯುವ ವ್ಯೂಹಕ್ಕೆ ಕವರ್ ಅನ್ನುತ್ತಾರೆ, ಅದರ ಅಂಕಿ ಚೆಂಡು ಹೊರಟ ಮೇಲೆ ಆಳದಲ್ಲಿ ಕಾಯುವವರ ಸಂಖ್ಯೆ. ಹಿಂದೆ ಇಬ್ಬರಿದ್ದರೆ ಕವರ್ 2 ಅಥವಾ ಕವರ್ 4 ಇರಬಹುದು. ನಡುವೆ ಒಬ್ಬನೇ ಇದ್ದರೆ ಕವರ್ 1 ಅಥವಾ ಕವರ್ 3. ಆಮೇಲೆ ಪಾಸ್ ಹಿಡಿಯುವ ತನ್ನ ರಿಸೀವರ್ ಒಬ್ಬನನ್ನು ಅಡ್ಡಕ್ಕೆ ಓಡಿಸುತ್ತಾನೆ. ಒಬ್ಬ ಡಿಫೆಂಡರ್ ಅವನ ಹಿಂದೆಯೇ ಓಡಿ ಬಂದರೆ ಬಹುಮಟ್ಟಿಗೆ ಮ್ಯಾನ್ ಟು ಮ್ಯಾನ್ (ಆಳಿಗೆ ಆಳು ಕಾಯುವುದು), ಎಲ್ಲರೂ ಒಂದೆರಡು ಹೆಜ್ಜೆ ಸರಿದು ನಿಂತರೆ ಜೋನ್ (ತಂತಮ್ಮ ಜಾಗ ಕಾಯುವುದು). ಚೆಂಡು ಕೈಗೆ ಬಂದ ಮೇಲೆ ಸೇಫ್ಟಿಗಳು ಜಾಗ ಬದಲಿಸಿ ಮೋಸ ಮಾಡುವುದುಂಟು, ಹಾಗಾಗಿ ಹಿಂದೆ ಹೆಜ್ಜೆ ಇಡುತ್ತಲೇ ಇನ್ನೊಮ್ಮೆ ನೋಡಬೇಕು. ಸಿಗುವ ಸಮಯ ಸುಮಾರು ಎರಡೂವರೆಯಿಂದ ಮೂರು ಸೆಕೆಂಡ್. ಅಷ್ಟರಲ್ಲಿ ತನ್ನವರೆಲ್ಲರನ್ನೂ ನೋಡುತ್ತಾ ಕೂರಲು ಆಗುವುದಿಲ್ಲ, ಆದ್ದರಿಂದ ಎದುರಾಳಿಯ ಒಬ್ಬನನ್ನು ನೋಡುತ್ತಾನೆ. ಕವರ್ 2 ಇದ್ದರೆ ಅಂಚು ಕಾಯುವ ಡಿಫೆಂಡರ್, ಅಂದರೆ ಕಾರ್ನರ್, ಆ ಒಬ್ಬ. ಅವನ ಮುಂದೆ ಒಬ್ಬ ರಿಸೀವರ್, ಅವನ ಬೆನ್ನ ಹಿಂದೆ ಇನ್ನೊಬ್ಬ. ಕಾರ್ನರ್ ಹಿಂದೆ ಸರಿದರೆ ಮುಂದಿನವನಿಗೆ, ಮುಂದೆಯೇ ನಿಂತರೆ ಸೇಫ್ಟಿ ಓಡಿ ಬರುವ ಮೊದಲು ಅವನ ತಲೆಯ ಮೇಲಿಂದ ಹಿಂದಿನವನಿಗೆ.

ಇದನ್ನು ಹಾಕಿಗೆ ಇಳಿಸಿದ ರೀತಿ ಶಿಬಿರದ ನಿಜವಾದ ಬೆಲೆ. ಬ್ಯಾಕ್ ಎಣಿಸಬೇಕಾದ್ದು ಹಿಂದಿನವರನ್ನಲ್ಲ, ಪ್ರೆಸ್ಸಿನ ಮೊದಲ ಸಾಲನ್ನು. ಇನ್ನೊಬ್ಬ ಬ್ಯಾಕಿನಿಂದ ಚೆಂಡು ಅಡ್ಡಕ್ಕೆ ಉರುಳಿ ಬರುತ್ತಿರುವಾಗಲೇ ಮೊದಲ ನೋಟ: ಮುಂದೆ ಎಷ್ಟು ಜನ, ಅವರು ಮುಚ್ಚಿರುವುದು ನಡುವನ್ನೋ ಅಂಚನ್ನೋ? ಎರಡನೆಯ ನೋಟಕ್ಕೆ ಎಡ ಅಂಚಿನ ಲೆಫ್ಟ್ ಹಾಫನ್ನು ಮಧ್ಯಕ್ಕೆ ಓಡಿಸುತ್ತಾರೆ. ಅವನನ್ನು ಕಾಯುವವನು ಜೊತೆಗೇ ಬಂದರೆ ಮ್ಯಾನ್ ಟು ಮ್ಯಾನ್. ಅಂಚು ಖಾಲಿಯಾಯಿತು, ಎಡ ಒಳಬದಿಯ ಫಾರ್ವರ್ಡ್ ಲೆಫ್ಟ್ ಇನ್ ಅಲ್ಲಿಗೆ ಇಳಿದು ಚೆಂಡು ಪಡೆಯಬಹುದು. ಬರದೆ ನಿಂತರೆ ಜೋನ್. ಆಗ ಅವಸರ ಮಾಡದೆ ಚೆಂಡನ್ನು ಬ್ಯಾಕುಗಳ ನಡುವೆ ಎರಡು ಮೂರು ಸಲ ಜೋರಾಗಿ ಆಡಿಸಬೇಕು. ಚೆಂಡಿನಷ್ಟು ವೇಗವಾಗಿ ಪ್ರೆಸ್ಸಿನ ಸಾಲು ಸರಿಯಲಾರದು, ಎಲ್ಲೋ ಒಂದು ಸಂದಿ ಬಿಡುತ್ತದೆ. ಮೂರನೆಯ ನೋಟ ಒಬ್ಬನ ಮೇಲೆ ಮಾತ್ರ: ನಮ್ಮ ರೈಟ್ ಹಾಫ್ ಮತ್ತು ರೈಟ್ ಇನ್ ಇಬ್ಬರ ನಡುವೆ ನಿಂತ ಎದುರಾಳಿ. ಅವನು ಅಂಚಿಗೆ ಕಾಲಿಟ್ಟರೆ ಪಾಸ್ ಒಳಗೆ, ಒಳಗೇ ನಿಂತರೆ ಅಂಚಿಗೆ.

ಸಂದಿಯಲ್ಲಿ ಪಾಸ್ ಎಲ್ಲಿ ಹೋಗಬೇಕು ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ಹೇಳಿಕೊಡುವುದು ಅಪರೂಪ. ಇಬ್ಬರ ನಡುವಿನ ಸಂದಿ ಅಂದರೆ ಸರಿಯಾಗಿ ಮಧ್ಯಕ್ಕೆ ಹೊಡೆಯುವುದಲ್ಲ. ಹಾಕಿಯಲ್ಲಿ ಎಲ್ಲರ ಸ್ಟಿಕ್ಕೂ ಬಲಗೈ ಸ್ಟಿಕ್ಕೇ: ತನ್ನ ಬಲಗಡೆಯ ಚೆಂಡನ್ನು ನೇರವಾಗಿ ತಡೆಯಬಹುದು (ಫೋರ್‌ಹ್ಯಾಂಡ್), ಎಡಗಡೆಯದಕ್ಕೆ ಸ್ಟಿಕ್ ತಿರುಗಿಸಬೇಕು (ರಿವರ್ಸ್). ನಮ್ಮ ಎಡಕ್ಕೆ ಎದುರು ನಿಂತವನ ರಿವರ್ಸ್ ಕಡೆ ಸಂದಿಯತ್ತ ಇರುತ್ತದೆ, ನಮ್ಮ ಬಲಕ್ಕೆ ನಿಂತವನ ಫೋರ್‌ಹ್ಯಾಂಡ್ ಸಂದಿಯತ್ತ ಇರುತ್ತದೆ. ಆದ್ದರಿಂದ ಚೆಂಡು ಎಡಗಡೆಯವನಿಗೆ ಒಂದಿಷ್ಟು ಹತ್ತಿರವಾಗಿ ಹೋಗಬೇಕು. ಅವನು ಸ್ಟಿಕ್ ತಿರುಗಿಸುವಷ್ಟರಲ್ಲಿ ಅದು ದಾಟಿರುತ್ತದೆ, ಬಲಗಡೆಯವನಿಗೆ ನಿಲುಕುವುದಿಲ್ಲ.

ನೋಡುವ ಅಭ್ಯಾಸಕ್ಕೆ ಇಟ್ಟ ಡ್ರಿಲ್ ಸರಳ, ಆದರೆ ಕಠಿಣ. ಹದಿನೈದು ಮೀಟರ್ ದೂರದಿಂದ ಒಬ್ಬ ಪುಶ್ ಮಾಡುತ್ತಾನೆ. ಚೆಂಡು ದಾರಿಯಲ್ಲಿರುವಾಗ ಆಟಗಾರನ ಬಲ ಭುಜದ ಆಚೆ ನಿಂತ ಕೋಚ್ ಕೆಂಪು ಅಥವಾ ಹಳದಿ ಬಟ್ಟೆ ಎತ್ತುತ್ತಾರೆ. ಟ್ರ್ಯಾಪ್ ಆಗುವ, ಅಂದರೆ ಚೆಂಡನ್ನು ಸ್ಟಿಕ್ಕಿನಲ್ಲಿ ತಡೆದು ನಿಲ್ಲಿಸುವ ಮೊದಲು ಬಣ್ಣ ಕೂಗಬೇಕು, ಟ್ರ್ಯಾಪ್ ಆದ ಮೇಲೆ ಕೂಗಿದರೆ ಲೆಕ್ಕಕ್ಕಿಲ್ಲ. ಇಲ್ಲಿ ಮಕ್ಕಳು ಮಾಡಿದ ತಪ್ಪುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಎದೆ ಪೂರ್ತಿ ಚೆಂಡಿನ ಕಡೆ ತಿರುಗಿರುತ್ತದೆ, ಹಾಗಾಗಿ ಅರ್ಧ ಮೈದಾನ ಬೆನ್ನ ಹಿಂದೆ. ಚೆಂಡು ಕಾಲ ಬುಡಕ್ಕೆ ಬಂದು ನಿಲ್ಲುತ್ತದೆ. ಅದನ್ನು ಹೊರಗೆ ಎಳೆಯಲು ಇನ್ನೊಂದು ಮುಟ್ಟು ಬೇಕು, ಆ ಒಂದು ಮುಟ್ಟಿನಲ್ಲಿ ಫಾರ್ವರ್ಡ್ ಮೈಮೇಲೆ ಬಂದಿರುತ್ತಾನೆ. ಬಲಗಾಲಿನ ಮುಂದೆ ಒಂದು ಮೊಳದಷ್ಟು ದೂರದಲ್ಲಿ ಚೆಂಡು ನಿಂತರೆ ಪುಶ್ ಮಾಡಲೂ ಸ್ಕೂಪ್ ಮಾಡಲೂ (ಚೆಂಡನ್ನು ಮೇಲಕ್ಕೆತ್ತಿ ಹಾಕಲೂ) ಸಿದ್ಧ. ಇನ್ನೊಂದು ತಪ್ಪು ಕೊಡಬೇಕಾದವನನ್ನೇ ದಿಟ್ಟಿಸುವುದು. ಕಣ್ಣು ಹೋದ ಕಡೆ ಪ್ರೆಸ್ ಹೋಗುತ್ತದೆ.

ಸ್ಕೂಪ್ ಪಾಠ ಬೇಗ ಮುಗಿಯಿತು, ಮುಖ್ಯವಾದ ನಿಯಮವನ್ನಾದರೂ ಹೇಳಿದರು: ಬೀಳುವ ಚೆಂಡನ್ನು ಪಡೆಯುವವನಿಂದ ಎದುರಾಳಿ 5 ಮೀಟರ್ ದೂರವಿರಬೇಕು, ಮೊದಲು ಪಡೆಯುವವನು ಯಾರೆಂದು ಸ್ಪಷ್ಟವಿಲ್ಲದಿದ್ದರೆ ಚೆಂಡು ಎತ್ತಿದ ತಂಡದವನೇ ಬಿಟ್ಟುಕೊಡಬೇಕು. ಜನಜಂಗುಳಿಗೆ ಎತ್ತಿ ಹಾಕಿದರೆ ಪ್ರಯೋಜನವಿಲ್ಲ.

ಕೊರತೆಗಳೂ ಸಣ್ಣವಲ್ಲ. ಮೂರು ದಿನ ಪ್ರೆಸ್ ಮಾಡುವವರು ಒಂದೇ ರೀತಿ ಓಡಿದರು, ಮಕ್ಕಳು ಓದುವ ಬದಲು ಉತ್ತರವನ್ನು ಬಾಯಿಪಾಠ ಮಾಡಿಕೊಂಡರು. ಜೋನ್ ತೋರಿಸಿ ಮ್ಯಾನ್ ಟು ಮ್ಯಾನಿಗೆ ಬದಲಾಗುವ ಪ್ರೆಸ್ ಬಂದದ್ದು ಕೊನೆಯ ದಿನ ಮಧ್ಯಾಹ್ನ, ಅಲ್ಲಿ ಅರ್ಧದಷ್ಟು ಪಾಸ್‌ಗಳು ಎದುರಾಳಿಗೇ ಹೋದವು. ಗೋಲ್‌ಕೀಪರುಗಳನ್ನು ಈ ಪಾಠಕ್ಕೆ ಕರೆಯಲೇ ಇಲ್ಲ. ಇಡೀ ಮೈದಾನ ಕಾಣುವುದು ಅವರಿಗೆ, ಬ್ಯಾಕಿನ ಬೆನ್ನ ಹಿಂದಿನ ಕಣ್ಣು ಅವರು.

ದೊಡ್ಡ ಕೊರತೆ ಮೈದಾನದ್ದು. ಪಾಠ ಪೂರ್ತಿ ನೀರು ಹಾಕಿದ ಟರ್ಫಿನ ಮೇಲೆ ನಡೆಯಿತು. ಈ ಮಕ್ಕಳಲ್ಲಿ ಹೆಚ್ಚಿನವರು ಆಡಲು ಕಾಯುವುದು ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ. 1997ರಲ್ಲಿ ಕರಡದಲ್ಲಿ ಶುರುವಾದ ಆ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆದಿತ್ತು. ಮಣ್ಣಿನ ಮೈದಾನದಲ್ಲಿ ಬ್ಯಾಕುಗಳ ನಡುವಿನ ಅಡ್ಡ ಪಾಸ್ ಪುಟಿಯುತ್ತದೆ, ನಿಧಾನವಾಗುತ್ತದೆ. ಟರ್ಫಿನಲ್ಲಿ ಸುರಕ್ಷಿತವಾದ ಅದೇ ಪಾಸ್ ನಮ್ಮ ಡಿ (ಗೋಲಿನ ಮುಂದಿನ ಅರ್ಧವೃತ್ತ) ಮುಂದೆ ಎದುರಾಳಿಗೆ ಕಾಣಿಕೆಯಾದೀತು. ಅಲ್ಲಿ ಮೂರು ಸಲ ಆಡಿಸುವ ಬದಲು ಒಂದು ಸಲ ಆಡಿಸಿ ಅಂಚಿಗೆ ಕೊಡುವುದೇ ಸರಿ. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡುವಾಗ ಸಾಲುಗಟ್ಟಿ ಜೋನ್ ಹಿಡಿಯುವುದಕ್ಕಿಂತ ಆಳಿಗೆ ಆಳು ಹಿಡಿಯುವುದೇ ಸಹಜ. ಹಾಗಾಗಿ ಹಾಫನ್ನು ಓಡಿಸಿ ಕಾವಲುಗಾರನನ್ನು ಎಳೆಯುವ ಉಪಾಯ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಹದಿನಾಲ್ಕು ದಾಟಿದ, ಟ್ರ್ಯಾಪ್ ಗಟ್ಟಿಯಿರುವ ಬ್ಯಾಕ್, ಹಾಫ್ ಆಟಗಾರರನ್ನು ಧೈರ್ಯವಾಗಿ ಕಳಿಸಬಹುದು. ಟ್ರ್ಯಾಪ್ ಇನ್ನೂ ಕೂರದ ಮಕ್ಕಳಿಗೆ ಇದು ಒಂದು ವರ್ಷ ಬೇಗ. ಚೆಂಡಿನ ಮೇಲಿಂದ ಕಣ್ಣು ತೆಗೆಯಲು ಅವರಿಗೆ ಆಗುವುದೇ ಇಲ್ಲ. ಸೇರಿಸುವ ಮುನ್ನ ಎರಡು ಪ್ರಶ್ನೆ ಕೇಳಿ: ಮಣ್ಣಿನ ಮೈದಾನದಲ್ಲಿ ಎಷ್ಟು ದಿನ ಆಡಿಸುತ್ತೀರಿ, ಕೀಪರನ್ನೂ ಜೊತೆಗೆ ನಿಲ್ಲಿಸುತ್ತೀರಾ?