ನಳ್ಳಿ ಗಾಜಿನದೋ, ರಬ್ಬರಿನದೋ, ಟೆಫ್ಲಾನಿನದೋ?

ಮೊದಲೇ ಹೇಳಿಬಿಡುತ್ತೇನೆ, ನಾನು ಟೆಫ್ಲಾನ್ ನಳ್ಳಿಯ ಬ್ಯುರೆಟ್ಟಿನ ಪಕ್ಷ. ಬ್ಯುರೆಟ್ ಅಂದರೆ ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ, ಅಡಿಯಲ್ಲಿ ನಳ್ಳಿ ಇರುವ ಉದ್ದ ಗಾಜಿನ ಕೊಳವೆ. ಉಳಿದ ಎರಡರಲ್ಲಿ ಒಂದು ನನ್ನ ಕೈಯಲ್ಲೇ ಮುರಿದುಹೋಯಿತು. ಇನ್ನೊಂದು ಕಪಾಟಿನಲ್ಲಿದೆ, ಬೇಕಾದಾಗ ಮಾತ್ರ ಹೊರಗೆ ಬರುತ್ತದೆ.

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆಯಲ್ಲಿ ಅಡಿಕೆ ರಾಶಿ ಹಾಕುತ್ತಿದ್ದ ಕೋಣೆಯೊಂದಿದೆ. ಈಗ ಅಲ್ಲಿ ಪ್ಲಸ್ ಟು ಮಕ್ಕಳಿಗೆ ಕೆಮಿಸ್ಟ್ರಿ ಟ್ಯೂಷನ್. ನೀರ್ಚಾಲು, ಪೆರ್ಲ, ಮುಳ್ಳೇರಿಯ ಕಡೆಯಿಂದ ಬರುವ ಮಕ್ಕಳು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಆಮೇಲೆ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಹಿಡಿದವರು. ಲೆಕ್ಕ ಹೇಗೋ ಕಲಿತುಬಿಡುತ್ತಾರೆ, ಟೈಟ್ರೇಷನ್ನಿಗೆ ಮಾತ್ರ, ಅಂದರೆ ಬಣ್ಣ ಬದಲಾಗುವವರೆಗೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಅಳೆದು ಬಿಡುವುದಕ್ಕೆ, ಕೈ ಪಳಗಬೇಕು. ಶಾಲೆಯ ಲ್ಯಾಬಿನಲ್ಲಿ ಒಬ್ಬೊಬ್ಬರಿಗೆ ಸಿಗುವ ಸರದಿ ಎಷ್ಟು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಮಂಗಳೂರಿಗೆ ಹೋಗಿ 50 ಮಿ.ಲೀ. ಬ್ಯುರೆಟ್ ಕೊಂಡೆ. ಮೊದಲು ಗಾಜಿನ ನಳ್ಳಿಯದು, 280 ರೂಪಾಯಿಗೆ. ಅಂಗಡಿಯವರು ಟೆಫ್ಲಾನಿನದನ್ನೂ ತೋರಿಸಿದ್ದರು. ಅದರ ಬೆಲೆ ಎರಡು ಪಟ್ಟಿಗಿಂತ ಹೆಚ್ಚು ಎಂದು ಬೇಡ ಅಂದವಳು ನಾನೇ.

ಎರಡು ತಿಂಗಳು ಯಾವ ತಕರಾರೂ ಇರಲಿಲ್ಲ. ಆಮೇಲೆ ಒಂದು ಶನಿವಾರ, ಜೋರು ಮಳೆ. ಬ್ಯುರೆಟ್ಟಿನಲ್ಲಿ ಕಾಸ್ಟಿಕ್ ಸೋಡಾ ಎಂಬ ಕ್ಷಾರ, ಫ್ಲಾಸ್ಕಿನಲ್ಲಿ ಆಕ್ಸಾಲಿಕ್ ಆಸಿಡ್, ಬಣ್ಣ ತೋರಿಸಲು ಫಿನಾಲ್ಫ್ಥಲೀನ್ ಎರಡು ಹನಿ. ಹುಡುಗನೊಬ್ಬ ಕೇಳಿದ, “ಟೀಚರೇ, ನಳ್ಳಿ ತುಂಬ ಬಿಗಿ, ತಿರುಗುವುದೇ ಇಲ್ಲ. ಸ್ವಲ್ಪ ಎಣ್ಣೆ ಹಾಕಲಾ?” ನಾನು ಇನ್ನೊಬ್ಬಳ ಲೆಕ್ಕ ನೋಡುತ್ತಿದ್ದೆ. “ಹಾಕು ಮಾರಾಯ” ಅಂದೆ. ಅಡುಗೆಮನೆಯಿಂದ ಅತ್ತೆಯ ತೆಂಗಿನೆಣ್ಣೆ ಬಂತು. ನಳ್ಳಿ ಬೆಣ್ಣೆಯ ಹಾಗೆ ತಿರುಗಿತು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು, ಕರೆಂಟೂ ಹೋಯಿತು, ಎಲ್ಲರೂ ಓಡಿದರು. ಕಾಸ್ಟಿಕ್ ಬ್ಯುರೆಟ್ಟಿನಲ್ಲೇ ಉಳಿಯಿತು.

ಸೋಮವಾರ ನೋಡಿದರೆ ನಳ್ಳಿ ಅಲ್ಲಾಡುತ್ತಿಲ್ಲ. ಬೆಳಕಿಗೆ ಹಿಡಿದಾಗ ಕೀಯ (ನಳ್ಳಿಯೊಳಗೆ ತಿರುಗುವ ಬಿರಡೆಯ) ತೂತಿನಲ್ಲಿ ಮೊಸರಿನ ಕೆನೆಯಂಥ ಬಿಳಿ ಪದಾರ್ಥ ಕಾಣಿಸಿತು. ತುದಿಯಿಂದ ಸೂಜಿ ಹಾಕಿ ಸ್ವಲ್ಪ ಕೆದಕಿ ನೀರಿಗೆ ಹಾಕಿ ಕಲಕಿದೆ. ನೊರೆ ಬಂತು! ಸಾಬೂನು. ಹನ್ನೆರಡನೆಯ ತರಗತಿಗೆ ಸಪೋನಿಫಿಕೇಶನ್, ಅಂದರೆ ಎಣ್ಣೆ ಕ್ಷಾರದ ಜೊತೆ ಸೇರಿ ಸಾಬೂನಾಗುವ ಪಾಠ ಮಾಡುವವಳ ನಳ್ಳಿಯಲ್ಲೇ ಸಪೋನಿಫಿಕೇಶನ್ ಆಗಿತ್ತು.

ತೆಂಗಿನೆಣ್ಣೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಎಣ್ಣೆ. ಅದರಲ್ಲಿ ಅರ್ಧದಷ್ಟು ಲಾರಿಕ್ ಎಂಬ ಕೊಬ್ಬಿನಾಮ್ಲವೇ. ಅದರ ಇಂಗಾಲದ ಸರಪಳಿ ಗಿಡ್ಡವಾದ್ದರಿಂದ ಒಂದು ಗ್ರಾಂ ಎಣ್ಣೆ ಹೀರುವ ಕ್ಷಾರ ಹೆಚ್ಚು. ಆ ಅಳತೆ, ಸಪೋನಿಫಿಕೇಶನ್ ಅಂಕಿ, 250ರ ಆಸುಪಾಸು, ಕಡಲೆ ಎಣ್ಣೆಯದು 190ರ ಹತ್ತಿರ. ನಮ್ಮ ಕಾಸ್ಟಿಕ್ ಬರೀ 0.1 ಮೋಲಾರ್, ತೆಳು ದ್ರಾವಣ, ನಿಜ. ಆದರೆ ಕೀಯ ಸಂದಿನಲ್ಲಿ ಜಿನುಗಿದ್ದು ನೀರು ಆರುತ್ತ ಆರುತ್ತ ದಪ್ಪವಾಗುತ್ತದೆ, ಎರಡು ರಾತ್ರಿಯ ಪುರುಸೊತ್ತೂ ಅದಕ್ಕೆ ಸಿಕ್ಕಿತ್ತು. ಎಣ್ಣೆ ಹಾಕದಿದ್ದರೂ ಪೂರ್ತಿ ಬಚಾವಾಗುತ್ತಿರಲಿಲ್ಲ ಅನ್ನಿ. ಕಾಸ್ಟಿಕ್ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸೋಡಿಯಂ ಕಾರ್ಬೊನೇಟ್ ಆಗುತ್ತದೆ, ಉಜ್ಜಿ ನುಣುಪು ಮಾಡಿದ ಗಾಜಿನ ಸಿಲಿಕಾವನ್ನೂ ಮೆಲ್ಲಗೆ ತಿಂದು ಸಿಲಿಕೇಟ್ ಮಾಡುತ್ತದೆ. ಇವೆರಡೂ ಸೇರಿ ಗಾಜಿನ ಕೀಗೆ ಗಾಜಿನ ಗೂಡನ್ನೇ ಅಂಟಿಸುತ್ತವೆ. ಕಾಸ್ಟಿಕ್ ಬಾಟಲಿಗೆ ಗಾಜಿನ ಬಿರಡೆ ಹಾಕಬಾರದು ಎನ್ನುವುದು ಇದಕ್ಕೇ.

ಬಿಡಿಸಲು ಮಾಡದ ಉಪಾಯ ಇಲ್ಲ. ಬಿಸಿನೀರಿನಲ್ಲಿ ಇಟ್ಟೆ, ವಿನೆಗರ್ ಬಿಟ್ಟೆ, ಮರದ ಸೌಟಿನ ಹಿಡಿಯಿಂದ ಮೆತ್ತಗೆ ತಟ್ಟಿದೆ. ಮೂರನೆಯ ದಿನ ತಾಳ್ಮೆ ತಪ್ಪಿ ಬಟ್ಟೆ ಸುತ್ತಿ ತಿರುಚಿದೆ. ಟಕ್ ಎಂದಿತು. ಕೀ ಅಲ್ಲ, ಅದರ ಮೇಲಿನ ಕೊಳವೆ. ಚಾವಡಿಯಲ್ಲಿ ಕೂತಿದ್ದ ಮಾವ ನೋಡಿ, “ಇನ್ನೂರೆಂಬತ್ತು ರೂಪಾಯಿಗೆ ಒಂದು ಚಿಟಿಕೆ ಸಾಬೂನು ಮಾಡಿದೆಯಲ್ಲ ನೀನು” ಎಂದರು. ಅವರ ಅನಲಿಟಿಕಲ್ ಕೆಮಿಸ್ಟ್ರಿಗೆ ಬ್ಯುರೆಟ್ ಬೇಡ. ಅಡಿಕೆಗೆ ಮೈಲುತುತ್ತು, ಸುಣ್ಣದ ಬೋರ್ಡೋ ಕಲಸಿದ ಮೇಲೆ ಉಜ್ಜಿದ ಕಬ್ಬಿಣದ ಕತ್ತಿ ಅದ್ದುತ್ತಾರೆ. ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ, ಹಿಡಿಯದಿದ್ದರೆ ಮರಕ್ಕೆ.

ಗಾಜಿನ ನಳ್ಳಿಗೆ ಹಾಕಬೇಕಾದ್ದು ವ್ಯಾಸಲೀನ್. ಅದು ಬರೀ ಹೈಡ್ರೋಕಾರ್ಬನ್, ಕ್ಷಾರದ ಜೊತೆ ಸಾಬೂನಾಗುವುದಿಲ್ಲ. ಅದನ್ನೂ ತೂತಿನಿಂದ ದೂರ, ತೆಳ್ಳಗೆ ಸವರಬೇಕು. ಹೆಚ್ಚಾದರೆ ತುದಿ ಕಟ್ಟುತ್ತದೆ. ಮೇಲಿನ ಕೊಳವೆಗೆ ಜಿಡ್ಡು ಹತ್ತಿದರೆ ಒಳಗೋಡೆಗೆ ಹನಿಗಳು ಅಂಟಿಕೊಂಡು ರೀಡಿಂಗೇ ಸುಳ್ಳಾಗುತ್ತದೆ. ಇಷ್ಟೆಲ್ಲ ನಿಗಾ ಇಡಬಲ್ಲವರಿಗೆ ಗಾಜು ಚೆನ್ನಾಗಿಯೇ ಇದೆ. ನನ್ನ ಕೋಣೆಯಲ್ಲಿ ಸಂಜೆ ಆರಕ್ಕೆ ಹನ್ನೊಂದು ಮಕ್ಕಳು, ಆರೂಕಾಲಿಗೆ ಬಸ್ಸು.

ಎರಡನೆಯದು ರಬ್ಬರ್ ಟ್ಯೂಬ್ ಮತ್ತು ಕ್ಲಿಪ್ಪಿನದು, ಮೋರ್ ಬ್ಯುರೆಟ್. ನೇರಳೆ ಬಣ್ಣದ ಪರ್ಮಾಂಗನೇಟಿನ ಜೊತೆ ಟೈಟ್ರೇಷನ್ ಮಾಡಲು ಮಕ್ಕಳು ತೂಗುವ ಮೋರ್ಸ್ ಸಾಲ್ಟ್ ಎಂಬ ಕಬ್ಬಿಣದ ಲವಣಕ್ಕೂ ಅದೇ ಕಾರ್ಲ್ ಫ್ರೆಡ್ರಿಕ್ ಮೋರ್‌ನ ಹೆಸರು. 19ನೆಯ ಶತಮಾನದ ಜರ್ಮನ್ ಔಷಧ ತಜ್ಞ. ಎಲ್ಲಕ್ಕಿಂತ ಅಗ್ಗ, ಕಾಸ್ಟಿಕ್ಕಿಗೆ ಹೆದರುವುದಿಲ್ಲ, ಟ್ಯೂಬ್ ಹಾಳಾದರೆ ಹೊಸತು ಹಾಕಿದರಾಯಿತು. ಟ್ಯೂಬಿನೊಳಗೆ ಗಾಳಿಗುಳ್ಳೆ ಕೂರುವುದೊಂದೇ ರಗಳೆ. ತುದಿಯನ್ನು ಮೇಲಕ್ಕೆ ಬಗ್ಗಿಸಿ ಕ್ಲಿಪ್ ಒತ್ತಿ ಅದನ್ನು ಓಡಿಸದಿದ್ದರೆ, ಟೈಟ್ರೇಷನ್ ಮಧ್ಯದಲ್ಲಿ ಗುಳ್ಳೆ ಹೊರಬಿದ್ದು ಅಷ್ಟು ದ್ರಾವಣ ಲೆಕ್ಕಕ್ಕೆ ಹೆಚ್ಚಾಗಿ ಸೇರುತ್ತದೆ.

ಆದರೆ ಅದರಲ್ಲಿ ಪರ್ಮಾಂಗನೇಟ್ ಹಾಕುವಂತಿಲ್ಲ. ನಮ್ಮ ಗುಡ್ಡದಲ್ಲಿ ಟ್ಯಾಪಿಂಗ್ ಮಾಡಿ ಶೀಟ್ ಹೊಡೆಯುವ ರಬ್ಬರ್ ಇದೆಯಲ್ಲ, ಅದರ ಅಣುವಿನ ತುಂಬ ದ್ವಿಬಂಧಗಳು. ಪ್ಲಸ್ ವನ್ನಿನಲ್ಲಿ ದ್ವಿಬಂಧವಿರುವ ಆಲ್ಕೀನ್ ಪತ್ತೆಗೆ ಬೇಯರ್ ಟೆಸ್ಟ್ ಅಂತ ಓದುತ್ತಾರೆ, ಪರ್ಮಾಂಗನೇಟಿನ ನೇರಳೆ ಬಣ್ಣ ಮಾಯವಾಗುವುದು. ಟ್ಯೂಬಿನೊಳಗೂ ಆಗುವುದು ಅದೇ. ಗೊತ್ತಿದ್ದೂ ಒಮ್ಮೆ ಹಾಕಿ ನೋಡಿದೆ. 0.05 ಮೋಲಾರ್ ಆಕ್ಸಾಲಿಕ್ ಆಸಿಡ್ 20 ಮಿ.ಲೀ.ಗೆ 0.02 ಮೋಲಾರ್ ಪರ್ಮಾಂಗನೇಟ್ ಸರಿಯಾಗಿ 20 ಮಿ.ಲೀ. ಹಿಡಿಯಬೇಕು. ನನಗೆ ಮೊದಲ ಸಲ 20.4, ಎರಡನೆಯ ಸಲ 20.2, ಮೂರನೆಯದು ಇನ್ನೊಂದು. ಟ್ಯೂಬಿನ ಒಳಗೆ ಕಂದು ಬಣ್ಣದ ಕಲೆ. ಅಯೋಡಿನ್ನಿಗೂ ರಬ್ಬರ್ ಆಗದು.

ಹಾಗಾಗಿ ಮೂರನೆಯ ಸಲ ಜಿಪುಣತನ ಬಿಟ್ಟು 640 ರೂಪಾಯಿ ಕೊಟ್ಟೆ. ಟೆಫ್ಲಾನ್ ಕೀಗೆ ಕಾಸ್ಟಿಕ್ ಒಂದೇ, ಪರ್ಮಾಂಗನೇಟ್ ಒಂದೇ. ವ್ಯಾಸಲೀನ್ ಬೇಡ, ತೆಂಗಿನೆಣ್ಣೆಯ ಮಾತೇ ಇಲ್ಲ. ಅರ್ಧ ಹನಿ ಬಿಡುವುದನ್ನು ಮಕ್ಕಳು ಒಂದೇ ದಿನದಲ್ಲಿ ಕಲಿತರು. ಗಾಜಿನದರಲ್ಲಿ ಅದಕ್ಕೆ ಎರಡು ವಾರ ಬೇಕಾಗಿತ್ತು.

ಅದಕ್ಕೂ ಒಂದು ಕೊಂಕಿದೆ. ಟೆಫ್ಲಾನ್ ಬಿಸಿಗೆ ಗಾಜಿಗಿಂತ ಎಷ್ಟೋ ಪಟ್ಟು ಹಿಗ್ಗುತ್ತದೆ, ತಂಪಿಗೆ ಅಷ್ಟೇ ಕುಗ್ಗುತ್ತದೆ. ಮಧ್ಯಾಹ್ನದ ಸೆಕೆಯಲ್ಲಿ ನಟ್ ಸರಿಯಾಗಿಯೇ ಬಿಗಿದಿರುತ್ತೇನೆ, ಡಿಸೆಂಬರಿನ ಬೆಳಿಗ್ಗೆ, ತೆಂಗಿನೆಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುವ ಹೊತ್ತಿಗೆ, ಅದೇ ನಳ್ಳಿ ಜಿನುಗುತ್ತದೆ. ಅರ್ಧ ನಿಮಿಷಕ್ಕೊಂದು ಹನಿಯೆಂದರೂ ಐದು ನಿಮಿಷಕ್ಕೆ ಹತ್ತು ಹನಿ, ಅರ್ಧ ಮಿ.ಲೀ. ಹತ್ತಿರ. 0.1 ಮಿ.ಲೀ. ಒಳಗೆ ಕಂಕಾರ್ಡೆಂಟ್, ಅಂದರೆ ಒಂದಕ್ಕೊಂದು ಹೊಂದುವ ರೀಡಿಂಗ್ ಬೇಕಾದಲ್ಲಿ ಇದು ಸಣ್ಣದಲ್ಲ. ಕೆಲಸಕ್ಕೆ ಮುಂಚೆ ನಟ್ಟನ್ನು ಕಾಲು ಸುತ್ತು ಬಿಗಿದರೆ ನಿಲ್ಲುತ್ತದೆ, ತೆಗೆದಿಡುವಾಗ ಸಡಿಲಿಸಬೇಕು. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ತಾಗಿಸಬೇಡಿ, ಗೀರು ಬಿದ್ದರೆ ಆ ಸೋರಿಕೆಗೆ ಮದ್ದಿಲ್ಲ.

ಬ್ಯುರೆಟ್ಟಿನ ನಿಖರತೆಯ ದರ್ಜೆ ಕ್ಲಾಸ್ ಎ, ಕ್ಲಾಸ್ ಬಿ ಅಂತ ತಲೆ ಕೆಡಿಸಿಕೊಳ್ಳುವುದು ಬೇಡ. 50 ಮಿ.ಲೀ.ಗೆ ಎ ಆದರೆ 0.05, ಬಿ ಆದರೆ 0.1 ಮಿ.ಲೀ. ಹೆಚ್ಚುಕಮ್ಮಿ. ಪ್ಲಸ್ ಟುವಿಗೆ ಬಿ ಧಾರಾಳ.

ನನ್ನ ಲೆಕ್ಕ ಇಷ್ಟೇ: ವರ್ಷಕ್ಕೊಂದು ಗಾಜಿನದು ಮುರಿಯುವ ಕೈ ನನ್ನದು, ಎರಡೂವರೆ ವರ್ಷಕ್ಕೆ ಟೆಫ್ಲಾನಿನ ದುಡ್ಡು ಮುಟ್ಟಿತು. ಮನೆಯಲ್ಲಿ ಕಾಸ್ಟಿಕ್ ಟೈಟ್ರೇಷನ್ ಒಂದನ್ನೇ ಮಾಡಿಸುವವರಿಗೆ ಮೋರ್ ಸಾಕು. ನಾನೂ ಗುಂಪು ದೊಡ್ಡದಾದ ದಿನ ಅದನ್ನೇ ತೆಗೆಯುತ್ತೇನೆ. ಟೆಫ್ಲಾನ್ ಕೊಳ್ಳುವವರು ಅಂಗಡಿಯಲ್ಲೇ ನೀರು ತುಂಬಿಸಿ ಹತ್ತು ನಿಮಿಷ ನಿಲ್ಲಿಸಿ ನೋಡಿ, ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಒಂದು ತೊಂದರೆ ಮಾತ್ರ ಈಗ ಗೊತ್ತಾಗುತ್ತಿದೆ. ಪ್ರಾಕ್ಟಿಕಲ್ ಪರೀಕ್ಷೆಗೆ ನಮ್ಮ ಮಕ್ಕಳ ಶಾಲೆಗಳಲ್ಲಿ ಇಡುವುದು ಹೆಚ್ಚಾಗಿ ಗಾಜಿನ ನಳ್ಳಿಯದೇ. ಎಡಗೈ ಸುತ್ತಿ ಹಿಡಿದು ಕೀಯನ್ನು ಒಳಕ್ಕೆ ಎಳೆದುಕೊಂಡೇ ತಿರುಗಿಸುವ ಅಭ್ಯಾಸ ಟೆಫ್ಲಾನಿನವರಿಗೆ ಇರುವುದಿಲ್ಲ, ಅಂಗೈ ತಾಗಿ ಕೀ ಹೊರಗೆ ಬಂದರೆ ಕಥೆ ಮುಗಿಯಿತು. ಹಾಗಾಗಿ ಮುಂದಿನ ಸಲ ಮಂಗಳೂರಿಗೆ ಹೋದಾಗ ಒಂದು ಗಾಜಿನದನ್ನೂ ತರಬೇಕು. ವ್ಯಾಸಲೀನ್ ಡಬ್ಬಿಯನ್ನು ಅದರ ಸ್ಟ್ಯಾಂಡಿಗೇ ಕಟ್ಟಿಡುತ್ತೇನೆ.