ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಲಂಡನ್: ಆರನೇ ಮಹಡಿಗೆ ತಪ್ಪದೇ ಹೋಗಿ

ಮಗನ ಮನೆಗೆ ಬಂದವಳು ಈ ಮ್ಯೂಸಿಯಂಗೆ ಮೂರು ಸಲ ಹೋದೆ. ಮೂರು ಸಲವೂ ನೇರ ಆರನೇ ಮಹಡಿಗೆ. ಕೆಳಗೆ ಜಾತ್ರೆಯಷ್ಟು ಜನ. ಮೇಲೆ ಪಿಂಗಾಣಿ, ಮಡಕೆಗಳ ವಿಭಾಗದಲ್ಲಿ ನೆಮ್ಮದಿಯಾಗಿ ನಿಂತು ನೋಡಬಹುದು. ಅಲ್ಲಿ ಲೂಸಿ ರೀ ಎಂಬ ಕುಂಬಾರಿಕೆಯ ಕಲಾವಿದೆಯ ಕೆಲಸದ ಕೋಣೆಯನ್ನೇ ತಂದು ಮತ್ತೆ ಜೋಡಿಸಿಟ್ಟಿದ್ದಾರೆ.

ನಾನು ಕುಂಬಾರರ ಮನೆಯವಳು. ಲೂಸಿಯವರ ತಿಗರಿ, ಅಂದರೆ ಮಡಕೆ ಮಾಡುವ ಚಕ್ರ, ಕಂಡಕೂಡಲೇ ಕಾಲು ಮುಂದೆ ಹೋಗಲಿಲ್ಲ.

ಲೂಸಿ ಹುಟ್ಟಿದ್ದು 1902ರಲ್ಲಿ, ವಿಯೆನ್ನಾದಲ್ಲಿ. 1937ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರಿಗೆ ಬೆಳ್ಳಿ ಪದಕ ಬಂದಿತ್ತು. ಮರುವರ್ಷವೇ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿತು. ಯಹೂದಿಯಾದ ಅವರು ಲಂಡನ್ನಿಗೆ ಬಂದು ಸೇರಿದರು. ಇಲ್ಲಿ ಅವರ ಹೆಸರು ಯಾರಿಗೆ ಗೊತ್ತು? ಹೈಡ್ ಪಾರ್ಕ್ ಹತ್ತಿರ ಪುಟ್ಟ ಮನೆ. ಕೆಳಗೆ ಕೆಲಸ, ಮೇಲೆ ವಾಸ. ಯುದ್ಧದ ಆಸುಪಾಸಿನ ವರ್ಷಗಳಲ್ಲಿ ಹೊಟ್ಟೆಪಾಡಿಗೆ ಬಟ್ಟೆಯ ಗುಂಡಿ ಮಾಡಿದರು. ಮಣ್ಣಿನ ಗುಂಡಿ! ಬಟ್ಟೆಯ ಬಣ್ಣಕ್ಕೆ ಹೊಂದುವ ಹಾಗೆ ಮೆರುಗು, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಕೊಡಬೇಕಿತ್ತು. ಇದನ್ನು ಸಣ್ಣ ಕೆಲಸ ಅಂತ ಸುಮ್ನೆ ದಾಟಿಬಿಡಬೇಡಿ. ಮುಂದೆ ಅವರ ಬಟ್ಟಲುಗಳಲ್ಲಿ ಕಾಣುವ ಬಣ್ಣದ ಹಿಡಿತಕ್ಕೆ ಈ ಗುಂಡಿಗಳೇ ಪಾಠಶಾಲೆ ಅಂತ ನನಗನ್ನಿಸುತ್ತದೆ.

1946ರಲ್ಲಿ ಹಾನ್ಸ್ ಕೋಪರ್ ಅನ್ನುವ ಇನ್ನೊಬ್ಬ ನಿರಾಶ್ರಿತರು ಕೆಲಸ ಕೇಳಿಕೊಂಡು ಬಂದರು. ಮಣ್ಣಿನ ಕೆಲಸ ಗೊತ್ತೇ ಇರಲಿಲ್ಲ. ಆಗ ಇಂಗ್ಲೆಂಡಿನ ಕುಂಬಾರಿಕೆಯಲ್ಲಿ ದೊಡ್ಡ ಹೆಸರು ಬರ್ನಾರ್ಡ್ ಲೀಚ್ ಅವರದು. ಲೂಸಿಯ ಪಾತ್ರೆ ತೀರಾ ತೆಳು ಅಂದರು ಅವರು. ಲೂಸಿ ಸ್ವಲ್ಪ ಕಾಲ ದಪ್ಪವಾಗಿ ಮಾಡಿಯೂ ನೋಡಿದರು. ನಿಮ್ಮ ದಾರಿಯಲ್ಲೇ ಹೋಗಿ ಅಂತ ಧೈರ್ಯ ಕೊಟ್ಟವರು ಇದೇ ಕೋಪರ್.

ಆ ತೆಳು ಪಾತ್ರೆಗಳನ್ನು ಹತ್ತಿರದಿಂದ ನೋಡಿ. ಪಾದ ಚಿಕ್ಕದು, ಬಾಯಿ ಅಗಲ. ಕೆಲವದರ ಮೇಲೆ ಸೂಜಿಯಲ್ಲಿ ಗೀರಿದ ಕೂದಲೆಳೆಯಂಥ ಗೆರೆಗಳು. ಸುಡದ ಪಾತ್ರೆಗೇ ಮೆರುಗು ಬಳಿದು, ಒಂದೇ ಸಲ ಸುಡುತ್ತಿದ್ದರಂತೆ. ನಮ್ಮಪ್ಪನ ಆವಿಗೆಯಲ್ಲೂ ಒಂದೇ ಸುಡುವಿಕೆ. ಆದರೆ ಅಪ್ಪನದು ಸೌದೆ ಬೆಂಕಿ, ಇವರದು ಕರೆಂಟಿನ ಒಲೆ. ಹಸಿ ಮಣ್ಣಿನ ಮೇಲೆ ಬಳಿಯುವಾಗ ಕೈ ಸ್ವಲ್ಪ ಜಾಸ್ತಿ ಒತ್ತಿದರೂ ಪಾತ್ರೆ ಹೋಯಿತು, ಅಲ್ವಾ?

ಪ್ರವೇಶ ಉಚಿತ. ಸೌತ್ ಕೆನ್ಸಿಂಗ್ಟನ್ ಸ್ಟೇಷನ್ನಿಂದ ನೆಲದಡಿಯ ದಾರಿಯಲ್ಲೇ ನಡೆದು ಬರಬಹುದು. ಮೊಣಕಾಲು ನೋವಿದ್ದವರಿಗೆ ಲಿಫ್ಟ್ ಇದೆ. ಊರಿಗೆ ಹೊರಡುವ ಮುಂಚೆ ಇನ್ನೊಂದು ಸಲ ಹೋಗುತ್ತೇನೆ. ಈ ಸಲ ಮೊಮ್ಮಗಳನ್ನೂ ಕರೆದುಕೊಂಡು. ಅವಳು ಇನ್ನೂ ತಿಗರಿ ನೋಡಿಲ್ಲ.