ಕರುಳಿನ ಚಲನೆಗೆ ‘ನ್ಯಾಚುರಲ್’ ಪುಡಿ ತರಿಸುವ ಮೊದಲು ಇದನ್ನು ಓದಿ

ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ ವಯಸ್ಸಾದವರಿಗೆ ಮೋಷನ್ ಸರಿಯಾಗಿ ಆಗ್ತಿಲ್ಲ ಅಂತ ಯಾವುದಾದರೂ ಪುಡಿ ಹುಡುಕುತ್ತಿದ್ದರೆ ಖಂಡಿತ ಓದಿ. ನನ್ನ 4,800 ರೂಪಾಯಿ ಹೋಯಿತು, ಹೋಗಲಿ. ಅಮ್ಮ ಎರಡು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಆ ಪುಡಿ ತರಿಸಿದ್ದು ನಾನು. ಬಿಸಿನೀರಿಗೆ ಕಲಸಿ ಕೈಗೆ ಕೊಟ್ಟಿದ್ದೂ ನಾನೇ.

ಅಮ್ಮನಿಗೆ 64 ವರ್ಷ. ಮೂರು ನಾಲ್ಕು ದಿನಕ್ಕೊಮ್ಮೆ ಹೊಟ್ಟೆ ಸಾಫ್ ಆದರೆ ಅದೇ ದೊಡ್ಡದು ಅನ್ನೋ ಹಾಗಾಗಿತ್ತು. ಫೋನಿನಲ್ಲಿ ಜಾಹೀರಾತು ಬಂತು. ‘ಕರುಳಿಗೆ ಚಲನೆ ಕಲಿಸುವ ನೈಸರ್ಗಿಕ ಪೋಷಕಾಂಶ, ಮೆಗ್ನೀಸಿಯಂ, ಶುಂಠಿ, ಪ್ರೋಬಯಾಟಿಕ್, ಅಭ್ಯಾಸ ಆಗೋದಿಲ್ಲ.’ ನಂಬರ್ ಕೊಟ್ಟ ಹತ್ತು ನಿಮಿಷಕ್ಕೆ ಫೋನ್. ಡಾಕ್ಟರ್ ಅಂತ ಹೇಳಿಕೊಂಡ ಹೆಂಗಸು ತುಂಬಾ ಚೆನ್ನಾಗಿ ಮಾತಾಡಿದರು. ಅಮ್ಮನ ಊಟ ಕೇಳಿದರು, ನಿದ್ದೆ ಕೇಳಿದರು. ಯಾವ ಮಾತ್ರೆ ತಗೊಳ್ತಾರೆ ಅಂತ ಮಾತ್ರ ಕೇಳಲಿಲ್ಲ. ನಾನೇ ಬಿಪಿ ಮಾತ್ರೆ ಇದೆ ಅಂದೆ. “ಏನೂ ತೊಂದ್ರೆ ಇಲ್ಲ ಮೇಡಂ, ಇದು ಔಷಧಿನೇ ಅಲ್ಲ, ನ್ಯಾಚುರಲ್” ಅಂದರು. ಮೂರು ತಿಂಗಳ ಕೋರ್ಸ್ ತಗೊಂಡೆ.

ಮೊದಲ ರಾತ್ರಿ ಒಂದು ಚಮಚ. ಬೆಳಿಗ್ಗೆ ಎದ್ದ ಕೂಡಲೇ ಮೋಷನ್ ಆಯಿತು. ಅಮ್ಮ ಎಷ್ಟು ಖುಷಿಪಟ್ಟರು ಅಂದರೆ, ಅಕ್ಕನಿಗೂ ಫೋನ್ ಮಾಡಿ ತರಿಸು ಅಂದರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಪ್ರೋಬಯಾಟಿಕ್ ಅಂದರೆ ಕರುಳಿಗೆ ಒಳ್ಳೆಯದು ಅನ್ನೋ ಬ್ಯಾಕ್ಟೀರಿಯಾ, ಅದು ಒಂದೇ ರಾತ್ರಿಯಲ್ಲಿ ಹೀಗೆ ಕೆಲಸ ಮಾಡುತ್ತಾ?

ಮೂರನೇ ವಾರಕ್ಕೆ ಒಂದು ಚಮಚ ಸಾಲದಾಯಿತು. ಮೆಸೇಜ್ ಹಾಕಿದೆ. “ಎರಡು ಚಮಚ ಮಾಡಿ.” ಮಾಡಿದೆ. ಹೊಟ್ಟೆ ನುಲಿತ ಶುರುವಾಯಿತು, ದಿನಕ್ಕೆ ಐದಾರು ಸಲ ನೀರು ನೀರಾಗಿ. ಮತ್ತೆ ಮೆಸೇಜ್. “ಟಾಕ್ಸಿನ್ ಹೊರಗೆ ಹೋಗ್ತಿದೆ ಮೇಡಂ, ನಿಲ್ಲಿಸ್ಬೇಡಿ.” ಮೀನಖಂಡ ಹಿಡಿದುಕೊಂಡು ಅಮ್ಮ ರಾತ್ರಿ ಎದ್ದು ಕೂರುತ್ತಿದ್ದರು. ಅದಕ್ಕೂ ಅದೇ ಉತ್ತರ. ಟಾಕ್ಸಿನ್. ಟಾಕ್ಸಿನ್. ಒಂದು ಬೆಳಿಗ್ಗೆ ಬಚ್ಚಲಿನಿಂದ ಎದ್ದು ಬರಲು ಅವರ ಕಾಲಿಗೆ ಶಕ್ತಿಯೇ ಇರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಪೊಟ್ಯಾಷಿಯಂ 2.7. ಕನಿಷ್ಠ 3.5 ಇರಬೇಕು. ಇನ್ನೂ ಇಳಿದಿದ್ದರೆ ಹೃದಯದ ಬಡಿತವೇ ತಪ್ಪಬಹುದಿತ್ತು ಅಂದರು ಡಾಕ್ಟರ್. ಅಮ್ಮನ ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡುವ ಔಷಧಿಯೂ ಇದೆ, ಅದೂ ಪೊಟ್ಯಾಷಿಯಂ ಹೊರಗೆ ಹಾಕುತ್ತೆ. ಭೇದಿಯಲ್ಲೂ ಅದೇ ಹೋಗುತ್ತೆ. ಎರಡೂ ಸೇರಿಬಿಟ್ಟಿತ್ತು. “ಏನು ಕೊಡ್ತಿದ್ದೀರಿ ಇವರಿಗೆ?” ಅಂತ ಕೇಳಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಮಾರನೇ ದಿನ ಆ ಡಬ್ಬ ತಗೊಂಡು ದೇವರಾಜ ಮಾರುಕಟ್ಟೆ ಹತ್ತಿರದ ಗ್ರಂಧಿಗೆ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ಚಿಟಿಕೆ ಪುಡಿಯನ್ನು ಅಂಗೈಗೆ ಹಾಕಿ ಹೆಬ್ಬೆರಳಲ್ಲಿ ತಿಕ್ಕಿದರು. ಹಸಿರು ಕಂದು ಬಣ್ಣ. ಮೂಸಿದರು, ನಾಲಿಗೆ ತುದಿಗೆ ಇಟ್ಟರು. “ಇದ್ರಲ್ಲಿ ಮುಕ್ಕಾಲು ಪಾಲು ಸೋನಾಮುಖಿ ಸೊಪ್ಪಮ್ಮ. ಸ್ವಲ್ಪ ಶುಂಠಿ ಸೇರ್ಸವ್ರೆ, ಅಷ್ಟೇ.” ಹಿಂದಿನ ಡ್ರಾಯರ್ ಎಳೆದು ಒಣಗಿದ ಸೊಪ್ಪು ತೋರಿಸಿದರು. ಅದೇ ವಾಸನೆ. ನೂರು ಗ್ರಾಂಗೆ 40 ರೂಪಾಯಿ. “ಭೇದಿಗೆ ಕೊಡೋದು. ಒಂದಿನ ಎರಡು ದಿನ ಸರಿ. ತಿಂಗಳುಗಟ್ಲೆ ಯಾರಮ್ಮ ಕೊಡ್ತಾರೆ?” ಆ ಅಂಗಡಿ ಮುಂದೆ ನಿಂತು ಅತ್ತುಬಿಟ್ಟೆ. ಜನ ನೋಡುತ್ತಿದ್ದರು.

ಸೋನಾಮುಖಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಡಾಕ್ಟರೂ ಅಗತ್ಯ ಬಿದ್ದಾಗ ಅದರ ಮಾತ್ರೆ ಕೊಡುತ್ತಾರೆ. ಅದು ದೊಡ್ಡ ಕರುಳನ್ನು ಕೆರಳಿಸಿ ಹಿಂಡುತ್ತೆ, ರಾತ್ರಿ ತಗೊಂಡರೆ 6ರಿಂದ 12 ಗಂಟೆಯಲ್ಲಿ ಕೆಲಸ ಮಾಡುತ್ತೆ. ಆದರೆ ಅದು ಇದೆ ಅಂತ ಹೇಳಬೇಕು ಅಲ್ವಾ? ಡಬ್ಬದ ಮೇಲೆ ಬರೆದಿದ್ದು ‘ಹರ್ಬಲ್ ಫೈಬರ್ ಬ್ಲೆಂಡ್’. ಯಾವುದು ಎಷ್ಟು ಗ್ರಾಂ ಅನ್ನೋದು ಎಲ್ಲೂ ಇಲ್ಲ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ 14 ಅಂಕಿ ಇರಬೇಕು. ಬೆರಳಿಟ್ಟು ಎಣಿಸಿದೆ. 11. ಮತ್ತೆ ಎಣಿಸಿದೆ. 11.

ಪುಡಿ ಮಾರಿದವರಿಗೆ ರಕ್ತದ ರಿಪೋರ್ಟ್ ಫೋಟೋ ಕಳಿಸಿದೆ. ಬಂದ ಉತ್ತರಗಳು ಇವು. “ಇಂಗ್ಲಿಷ್ ಡಾಕ್ಟರ್‌ಗಳಿಗೆ ನ್ಯಾಚುರಲ್ ಗೊತ್ತಾಗಲ್ಲ.” “ಓಪನ್ ಆದ ಡಬ್ಬ ವಾಪಸ್ ತಗೊಳ್ಳಲ್ಲ.” ಕೊನೆಗೆ “ಪೊಟ್ಯಾಷಿಯಂಗೆ ನಮ್ಮದೇ ಪೌಡರ್ ಇದೆ ಮೇಡಂ, ನಿಮಗೆ 20 ಪರ್ಸೆಂಟ್ ಕಡಿಮೆ ಮಾಡಿ ಕೊಡ್ತೀನಿ.” ಅಮ್ಮನ ಕೈಗೆ ಡ್ರಿಪ್ ಹಾಕಿದ್ದರು, ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಇದನ್ನು ಓದಿದೆ. ಸೋನಾಮುಖಿ ಹಾಕಿದ್ದೀರಾ ಇಲ್ವಾ, ಅಷ್ಟು ಹೇಳಿ ಅಂದೆ. ಮೆಸೇಜ್ ನೋಡಿದರು. ಬ್ಲಾಕ್ ಮಾಡಿದರು.

ಅಮ್ಮನಿಗೆ ಮೊದಲು ಮೋಷನ್ ಸರಿಯಾಗಿ ಆಗದಿರಲು ಕಾರಣ ರಕ್ತ ಕಡಿಮೆ ಅಂತ ಕೊಟ್ಟಿದ್ದ ಕಬ್ಬಿಣದ ಮಾತ್ರೆ. ಡಾಕ್ಟರ್ ಎರಡೇ ಪ್ರಶ್ನೆಯಲ್ಲಿ ಹಿಡಿದರು. ಮಾತ್ರೆ ಬದಲಾಯಿಸಿದರು, ಥೈರಾಯ್ಡ್ ನೋಡಿಸಿದರು, ಇಸಬ್‌ಗೋಲ್ ಕೊಟ್ಟರು. ಅದನ್ನು ತುಂಬಾ ನೀರಿನ ಜೊತೆ ಕುಡಿಯಬೇಕು, ಇಲ್ಲದಿದ್ದರೆ ಇನ್ನಷ್ಟು ಕಟ್ಟಿಕೊಳ್ಳುತ್ತೆ. ಈಗ ಪರವಾಗಿಲ್ಲ.

ಪ್ರತಿ ಪದಾರ್ಥದ ಹೆಸರು, ಪ್ರಮಾಣ ಬರೆದಿಲ್ಲದ ಪುಡಿ ಮುಟ್ಟಬೇಡಿ. ಒಂದೇ ರಾತ್ರಿಯಲ್ಲಿ ಕೆಲಸ ಮಾಡಿದರೆ ಖುಷಿಪಡಬೇಡಿ, ಡಬ್ಬ ಡಾಕ್ಟರಿಗೆ ತೋರಿಸಿ. ಕಿಡ್ನಿ ತೊಂದರೆ ಇರುವವರು ಕೇಳದೆ ಮೆಗ್ನೀಸಿಯಂ ಕೂಡ ತಗೊಳ್ಳಬೇಡಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಡಬ್ಬ ಎಸೆಯದೆ ಇಟ್ಟುಕೊಂಡಿದ್ದೇನೆ.

ಪುಡಿಯ ಹೆಸರೇನು ಅಂತ ಎಲ್ಲರೂ ಕೇಳುತ್ತಿದ್ದೀರಿ. ಹೆಸರು ಹೇಳಿ ಪ್ರಯೋಜನ ಇಲ್ಲ. ನಿನ್ನೆ ಅಕ್ಕನ ಫೋನಿಗೆ ಅದೇ ಜಾಹೀರಾತು ಬಂದಿದೆ. ಅದೇ ಹಸಿರು ಡಬ್ಬ, ಅದೇ ಮಾತು. ಹೆಸರು ಮಾತ್ರ ಬೇರೆ.